ಎಣ್ಣೆಗುಳಿಗೆಯ ಮಡಿ

ದಾವಣಗೆರೆಯ ಗಣ್ಯರಿಗೆ ಈಚೆಗೆ ಹೃದಯಕ್ಕೆ ಒಳ್ಳೆಯದೆನ್ನುವ ಒಮೇಗಾ-3 ಎಂಬ ಕೊಬ್ಬಿನಾಮ್ಲಗಳ ಚಿಂತೆ ಹತ್ತಿದೆ. ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವವರ ಮಾತು ಮೊದಲೆಲ್ಲ ಸೈಟು, ಅಡಿಕೆ ಧಾರಣೆ, ಮಗನ ಅಮೆರಿಕಗಳ ಸುತ್ತ ತಿರುಗುತ್ತಿದ್ದುದು, ಈಗ ಕೊಬ್ಬಿನಾಮ್ಲಗಳಿಗೆ ಬಂದು ನಿಂತಿದೆ. ನಡಿಗೆ ಮುಗಿಸಿ ಎರಡು ಬೆಣ್ಣೆದೋಸೆ ತಿಂದು, ಜೇಬಿನಿಂದ ಹೊಂಬಣ್ಣದ ಗುಳಿಗೆಯೊಂದನ್ನು ತೆಗೆದು ನುಂಗಿಬಿಟ್ಟರೆ ಹೃದಯದ ಲೆಕ್ಕ ಚುಕ್ತಾ ಎಂಬುದು ಅವರ ದೃಢವಾದ ನಂಬಿಕೆ.

ಆ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ನನಗೆ ಸೋಜಿಗವೆನಿಸುವುದು ಗುಳಿಗೆಯ ಮಡಿ. ಹೋಟೆಲಿನ ಫಲಕದ ಮೇಲೆ ‘ಶುದ್ಧ ಸಸ್ಯಾಹಾರಿ’ ಎಂದು ಬರೆದಿದ್ದರೂ ಮಾಣಿಯನ್ನು ಕರೆದು ‘ಒಳಗೆ ಮೊಟ್ಟೆ ಗಿಟ್ಟೆ ಒಡೆಯೋದಿಲ್ಲ ತಾನೇ’ ಎಂದು ಖಾತ್ರಿ ಮಾಡಿಕೊಳ್ಳುವ, ಬಿಸ್ಕತ್ತಿನ ಪೊಟ್ಟಣದ ಹಸಿರು ಚುಕ್ಕಿಯನ್ನು ಕನ್ನಡಕ ಏರಿಸಿ ಪರೀಕ್ಷಿಸುವ ಯಜಮಾನರು, ಬೂತಾಯಿಯಂಥ ಕಡಲಮೀನುಗಳಿಂದ ತೆಗೆದ ಎಣ್ಣೆಯನ್ನು, ಸಾಮಾನ್ಯವಾಗಿ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದಲೇ ತಯಾರಾಗುವ ಜೆಲಟಿನ್ ಕವಚದ ಸಮೇತ, ಬಿಸಿನೀರಿನೊಡನೆ ಇಳಿಸಿಕೊಳ್ಳುತ್ತಾರೆ. ತುಸು ಹೊತ್ತಿಗೆ ತೇಗು ಬರುತ್ತದೆ; ಮಲ್ಪೆ ಬಂದರು ಒಂದು ಕ್ಷಣ ದಾವಣಗೆರೆಗೆ ಬಂದು ಹೋಗುತ್ತದೆ. ವಿಚಾರಿಸಿದರೆ, ‘ಔಷಧಕ್ಕೆ ಎಂಥ ಮಡಿ ಬಿಡ್ರೀ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಪಾಚಿಯಿಂದ ತೆಗೆದ ಎಣ್ಣೆಯ ಸಸ್ಯಾಹಾರಿ ಗುಳಿಗೆಯೂ ಸಿಗುತ್ತದೆ ಎಂದು ಹೇಳಿ ನೋಡಿ, ‘ಪಾಚಿ ತಿನ್ನೋದಾ?’ ಎಂದು ಮುಖ ಕಿವಿಚುತ್ತಾರೆ.

ಅಮೆರಿಕದ ವಿಜ್ಞಾನಿಗಳಾದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929ರಲ್ಲಿ ಇಲಿಗಳಿಗೆ ಕೊಬ್ಬಿಲ್ಲದ ಆಹಾರ ಹಾಕಿ, ಅವುಗಳ ಬೆಳವಣಿಗೆ ಕುಂಠಿತವಾಗಿ ಚರ್ಮ ಕೆಡುವುದನ್ನು ತೋರಿಸಿದರು. ಕೆಲವು ಕೊಬ್ಬಿನಾಮ್ಲಗಳನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಅವು ಊಟದಿಂದಲೇ ಬರಬೇಕು ಎಂಬುದು ಹಾಗೆ ತಿಳಿಯಿತು. ಅಂಥವು ಮುಖ್ಯವಾಗಿ ಎರಡು. ಮೊದಲನೆಯದಾದ ಲಿನೋಲಿಕ್ ಆಮ್ಲಕ್ಕೆ ನಮ್ಮಲ್ಲಿ ಬರಗಾಲವಿಲ್ಲ. ಸೂರ್ಯಕಾಂತಿ ಎಣ್ಣೆಯಲ್ಲಿ ಮಾಡುವ ನಿತ್ಯದ ಒಗ್ಗರಣೆಯೇ ಅದನ್ನು ಧಾರಾಳವಾಗಿ ಒದಗಿಸುತ್ತದೆ. ಕೊರತೆ ಬೀಳುವುದು ಒಮೇಗಾ-3ರ ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ. ಅದು ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚಿದ್ದು, ದೊಡ್ಡ ಚಮಚದಷ್ಟು ಅಗಸೆ ಪುಡಿ ದಿನದ ಅಗತ್ಯವನ್ನು ಹೆಚ್ಚುಕಡಿಮೆ ತುಂಬಿಸಿಬಿಡುತ್ತದೆ. ಮೀನೆಣ್ಣೆಯಲ್ಲಿ ನೇರವಾಗಿ ಸಿಗುವ ಇಪಿಎ, ಡಿಎಚ್‌ಎ ಎಂಬ ಇನ್ನೆರಡು ಒಮೇಗಾ-3 ಆಮ್ಲಗಳನ್ನು ದೇಹವು ಅಗಸೆಯಿಂದ ಅಲ್ಪಸ್ವಲ್ಪ ಮಾತ್ರ ಮಾಡಿಕೊಳ್ಳುತ್ತದೆ ಎಂಬುದು ನಿಜ. ವೈದ್ಯರು ಬರೆದುಕೊಟ್ಟವರು ಗುಳಿಗೆ ನುಂಗಲಿ. ಕೆರೆ ಏರಿಯ ಮೇಲೆ ಒಬ್ಬರು ಇನ್ನೊಬ್ಬರಿಗೆ ಬರೆದುಕೊಡುವ ಚೀಟಿಯ ಮಾತು ಬೇರೆ.

ಆದರೆ ಅಗಸೆಗೆ ಅಂತಸ್ತಿಲ್ಲ. ಮಂಡಿಪೇಟೆಯಲ್ಲಿ ಅದನ್ನು ಸೇರಿನ ಲೆಕ್ಕದಲ್ಲಿ ಅಳೆದು ಕಾಗದದಲ್ಲಿ ಕಟ್ಟಿಕೊಡುತ್ತಾರೆಯೇ ಹೊರತು, ಮುಚ್ಚಳದ ಮೇಲೆ ಹೃದಯದ ಚಿತ್ರವಿರುವ ಡಬ್ಬಿಯಲ್ಲಲ್ಲ. ಅದನ್ನು ಹದವಾಗಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕುಟ್ಟಬೇಕು. ಇಡೀ ಕಾಳನ್ನು ನುಂಗಿದರೆ ಅದು ಬಂದ ಹಾಗೆಯೇ ಹೊರಟುಹೋಗುತ್ತದೆ. ಕುಟ್ಟಿದ ಪುಡಿ ಬೇಗ ಕಮಟು ಹಿಡಿಯುವುದರಿಂದ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಬೇಕು. ಇಷ್ಟೆಲ್ಲ ಕಷ್ಟಪಟ್ಟು ಜೋಳದ ರೊಟ್ಟಿಯ ಜೊತೆ ತಿಂದರೂ, ನಾಲ್ಕು ಜನರ ಮುಂದೆ ಜೇಬಿನಿಂದ ತೆಗೆದು ತೋರಿಸುವಂಥದ್ದಲ್ಲ.

ಹೀಗಿರುವಾಗ ಹೃದಯದ ಆರೋಗ್ಯ ಕುರಿತ ವಿಚಾರಗೋಷ್ಠಿಯ ಊಟದ ಪಟ್ಟಿಯನ್ನು ಯಾರಾದರೂ ಊಹಿಸಬಹುದು. ಅತಿಥಿಗಳಿಗೆ ಶಾಲು, ಹಾರ, ಗುಳಿಗೆಯ ಡಬ್ಬಿ. ಸಭಿಕರಿಗೆ ಕಾದು ಕಾದು ಕಪ್ಪಾದ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಮತ್ತು ಮಂಡಕ್ಕಿ. ರೊಟ್ಟಿ, ಅಗಸೆ ಚಟ್ನಿಪುಡಿ ಇಟ್ಟರಾಗದೇ ಎಂದು ಯಾರೋ ಅಡಿಗೆಯವನು ಕೇಳಿದರೆ, ಸಂಘಟಕರು ದನಿ ತಗ್ಗಿಸಿ ಹೇಳುತ್ತಾರೆ: ‘ಡಾಕ್ಟರು ಬರ್ತಾರೆ ಮಾರಾಯ, ಮರ್ಯಾದೆ ಪ್ರಶ್ನೆ.’