ಅತ್ತೆಯ ಹರಳೆಣ್ಣೆ, ಭಾವಮೈದನ ಬ್ರೇಕು

ನನ್ನ ಭಾವಮೈದನ ಹತ್ತಿರ ಎರಡೇ ಸೀಟಿನ ಒಂದು ಸ್ಪೋರ್ಟ್ಸ್ ಕಾರಿದೆ. ಸೆಕೆಂಡ್ ಹ್ಯಾಂಡ್. ಅದು ಮನಸ್ಸಿಟ್ಟು ಓಡುವುದು ಯಾವಾಗಲೋ ಒಂದು ದಿನ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನುವ ರೇಸ್ ಟ್ರ್ಯಾಕಿನಲ್ಲಿ. ಉಳಿದ ದಿನಗಳಲ್ಲಿ ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಅತ್ತೆ ಮನೆಯ ಅಂಗಳದಲ್ಲಿ ಚಕ್ರ ಬಿಚ್ಚಿಕೊಂಡು ಕೂತಿರುತ್ತದೆ. ಇಂಜಿನ್ನಿಗೆ ಏನೂ ಆಗಿರುವುದಿಲ್ಲ. ರಗಳೆಯೆಲ್ಲ ಬ್ರೇಕಿನದು.

ಅವನ ಲೆಕ್ಕ ಹೀಗಿದೆ. ವೇಗ ಎರಡು ಪಟ್ಟಾದರೆ, ಕಾರು ನಿಲ್ಲಿಸಲು ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದಷ್ಟೂ ಶಾಖವಾಗಿ, ಚಕ್ರದ ಜೊತೆ ತಿರುಗುವ ಡಿಸ್ಕಿಗೂ ಅದನ್ನು ಅಮುಕಿ ಹಿಡಿಯುವ ಪ್ಯಾಡಿಗೂ ಇಳಿಯುತ್ತದೆ. ಟ್ರ್ಯಾಕಿನಲ್ಲಿ ಡಿಸ್ಕು 500 ಡಿಗ್ರಿ ದಾಟುವುದು ಮಾಮೂಲು. ಇನ್ನು ಚಾಮರಾಜನಗರದ ಕಡೆಯಿಂದ ಹೋದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಟ್ರ್ಯಾಕ್ ಕಾಣುವ ಮೊದಲೇ ಬ್ರೇಕಿಗೆ ಒಂದು ಸುತ್ತು ತಾಲೀಮು ಆಗಿರುತ್ತದೆ. ವಾಪಸ್ ಬರುವಾಗ ಬೇರೆ ಪೀಕಲಾಟ. ಹುರುಳಿ ಒಕ್ಕಣೆಯ ಕಾಲದಲ್ಲಿ ಆ ಕಡೆ ಬಳ್ಳಿಯನ್ನು ರಸ್ತೆಗೇ ಹರಡಿರುತ್ತಾರೆ. ತಗ್ಗು ಕಾರಿನ ಕೆಳಗೆ ಅದು ಸುತ್ತಿಕೊಂಡು, ಬಿಸಿಗೆ ಬೆಂಕಿ ಹತ್ತುವುದೂ ಉಂಟು. ಒಮ್ಮೆ ಇವನು ಹೆದರಿ ಬದಿಗೆ ನಿಲ್ಲಿಸಿಕೊಂಡಿದ್ದಾಗ ಒಬ್ಬ ರೈತರು ಬಂದು ಕಾರನ್ನು ಮೇಲಿಂದ ಕೆಳಗೆ ನೋಡಿದರಂತೆ. "ಇದರಲ್ಲಿ ಕಾಳು ಉದುರಲ್ಲ ಸ್ವಾಮಿ. ಬಸ್ ಬರ್ತದೆ, ಪಕ್ಕಕ್ಕೆ ಹಾಕ್ಕೊಳಿ" ಅಂದರಂತೆ.

ಮನೆಗೆ ಬಂದ ಮೇಲೆ ಶುರುವಾಗುವುದೇ ನನ್ನ ಪಾಲಿನ ಕೆಲಸ. ಬ್ರೇಕ್ ಬ್ಲೀಡ್ ಮಾಡುವುದು, ಅಂದರೆ ಹಳೇ ಬ್ರೇಕ್ ಆಯಿಲ್ ತೆಗೆದು ಹೊಸದು ತುಂಬುವುದು. ಈ ಆಯಿಲ್ ಮಳೆಗಾಲದ ಉಪ್ಪಿನ ಹಾಗೆ, ಗಾಳಿಯಲ್ಲಿರುವ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಆಯಿಲ್ ಆದರೆ 230 ಡಿಗ್ರಿಯವರೆಗಾದರೂ ಕುದಿಯದೆ ತಡೆಯಬೇಕು. ನೂರಕ್ಕೆ 3.7 ಭಾಗ ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಅಮುಕಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಆಗ ಪೆಡಲ್ ಸೀದಾ ನೆಲ ಮುಟ್ಟುತ್ತದೆ, ಕಾರು ಮಾತ್ರ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಹಾಗಾಗಿ ಅವನು ಪ್ರತಿ ಟ್ರ್ಯಾಕ್ ದಿನಕ್ಕೂ ಮೊದಲು ಆಯಿಲ್ ಬದಲಿಸುತ್ತಾನೆ. ಇದಕ್ಕೆ ಇಬ್ಬರು ಬೇಕು. ನಾನು ಆ ಇನ್ನೊಬ್ಬ.

ಭಾನುವಾರ ಬೆಳಿಗ್ಗೆ ಎಲ್ಲರ ಮನೆಯ ಅಳಿಯಂದಿರು ದೋಸೆ ತಿನ್ನುತ್ತಿರುತ್ತಾರೆ. ನಾನು ಮೊಣಕಾಲು ಎದೆಗೆ ಬರುವಂಥ ಸೀಟಿನಲ್ಲಿ ಕೂತು ಅಪ್ಪಣೆಗೆ ಕಾಯುತ್ತಿರುತ್ತೇನೆ. ಕಾರು ಉರುಳದಿರಲೆಂದು ಚಕ್ರಕ್ಕೆ ಹಳೇ ಒರಳಿನ ಗುಂಡು ಕೊಟ್ಟಿರುತ್ತದೆ. ಕೆಳಗಿನಿಂದ ದನಿ ಬರುತ್ತದೆ.

"ಭಾವ, ಒತ್ತಿ."

ಒತ್ತುತ್ತೇನೆ.

"ಹಿಡ್ಕೊಳಿ. ಬಿಡಬೇಡಿ. ನಾನು ಹೇಳೋವರ್ಗೂ ಬಿಡಬೇಡಿ."

ಅವನು ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡಲು ಇರುವ ನಿಪ್ಪಲ್ ತಿರುಗಿಸುತ್ತಾನೆ, ಆಯಿಲ್ ಪೈಪಿನಲ್ಲಿ ಬಾಟಲಿಗೆ ಇಳಿಯುತ್ತದೆ, ನನ್ನ ಕಾಲು ಮೆಲ್ಲಗೆ ನೆಲಕ್ಕೆ ಹೋಗುತ್ತದೆ. ನಿಪ್ಪಲ್ ಮುಚ್ಚುವ ಮೊದಲೇ ಕಾಲು ತೆಗೆದರೆ ಒಳಕ್ಕೆ ಗಾಳಿ ಹೋಗಿ ಮೊದಲಿಂದ ಶುರು. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಹಿಡಿದು ಹತ್ತಿರದ್ದಕ್ಕೆ ಬರಬೇಕು. ನಾಲ್ಕೂ ಮುಗಿಯುವಷ್ಟರಲ್ಲಿ ಒಳಗೆ ಚಟ್ನಿ ಖಾಲಿ.

ಮೊನ್ನೆ ಯುಗಾದಿಗೆ ಅತ್ತೆ ತುಳಸಿಕಟ್ಟೆಗೆ ಹೊಸದಾಗಿ ಹಸಿರು ಬಣ್ಣ ಹೊಡೆಸಿದ್ದರು. ಅದರ ಮಾರನೇ ವಾರವೇ ನಿಪ್ಪಲ್ಲಿಗೆ ಸಿಕ್ಕಿಸಿದ್ದ ಪೈಪು ಕಳಚಿಕೊಂಡಿತು. ನಾನು ಅಪ್ಪಣೆಯಂತೆ ಒತ್ತುತ್ತಲೇ ಇದ್ದೆ. ಆಯಿಲ್ ಪಿಚಕ್ಕನೆ ಚಿಮ್ಮಿ ಕಟ್ಟೆಯ ಮೇಲೆ ಬಿತ್ತು. ಬ್ರೇಕ್ ಆಯಿಲ್ ಬಣ್ಣವನ್ನು ತಿಂದುಬಿಡುತ್ತದೆ. ತಕ್ಷಣ ನೀರು ಹಾಕಿ ತೊಳೆಯಬೇಕು. ಭಾವಮೈದ ತೊಳೆದ, ಆದರೆ ಕಟ್ಟೆಯನ್ನಲ್ಲ. ಮೊದಲು ಕಾರಿನ ಬಾಗಿಲು ತೊಳೆದ. ಕಟ್ಟೆಯ ಸರದಿ ಬರುವಷ್ಟರಲ್ಲಿ ಹಸಿರು ಬಣ್ಣ ಗುಳ್ಳೆ ಎದ್ದು ಸುಲಿದು ಬರುತ್ತಿತ್ತು. ಅತ್ತೆ ಏನೂ ಅನ್ನಲಿಲ್ಲ. ಅತ್ತೆ ಏನೂ ಅನ್ನದಿದ್ದರೆ ನಮಗೆಲ್ಲ ಭಯ.

ಅವರು ಮಂಡ್ಯ ಕಡೆಯ ಹಳ್ಳಿಯವರು. ಕಬ್ಬಿನ ಗಾಡಿ ನೋಡಿಕೊಂಡೇ ಬೆಳೆದವರು. ಟ್ರ್ಯಾಕಿಗೆಂದು ಹಾಕಿಸಿದ್ದ ಪ್ಯಾಡಿನ ಕಿರುಚಾಟ ಅವರಿಗೆ ಸಹಿಸಲು ಆಗುತ್ತಿರಲಿಲ್ಲ. ಆ ಪ್ಯಾಡ್ ಕಾದರೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ತಣ್ಣಗಿದ್ದರೆ ಪ್ರತಿ ಹಂಪಿನಲ್ಲೂ ಕೀಂ ಅನ್ನುತ್ತದೆ. ನಮ್ಮ ಬೀದಿಯಲ್ಲಿ ಹಂಪುಗಳಿಗೆ ಬರಗಾಲವಿಲ್ಲ. ಪಕ್ಕದ ಮನೆ ಮಗು ಎದ್ದು ಅಳುತ್ತಿತ್ತು. ದನಗಳು ಮಾತ್ರ ಶಿಸ್ತಾಗಿ ದಾರಿ ಬಿಡುತ್ತಿದ್ದವು, ಅದೊಂದು ಲಾಭ.

ಒಂದು ಬೆಳಿಗ್ಗೆ ಭಾವಮೈದ ಕಾರು ಚಾಲೂ ಮಾಡಿ ಗೇಟಿನ ಕಡೆ ಬಿಟ್ಟ. ಬ್ರೇಕ್ ಒತ್ತಿದ. ಕಾರು ಯಾವ ಗಡಿಬಿಡಿಯೂ ಇಲ್ಲದೆ ಮುಂದೆ ಹೋಗಿ ಗೇಟನ್ನು ತಟ್ಟಿ ನಿಂತಿತು. ಅವನು ಬೆವರುತ್ತಾ ಇಳಿದ. ವರಾಂಡದಲ್ಲಿ ಅತ್ತೆಯ ಮುಖ ಅರಳಿತ್ತು.

"ನೋಡಿದ್ಯಾ? ಈಗ ಸದ್ದೇ ಇಲ್ಲ!"

ರಾತ್ರಿ ಚಕ್ರದ ಸಂದಿಯಲ್ಲಿ ಕೈ ತೂರಿಸಿ, ಡಿಸ್ಕಿಗೆಲ್ಲ ಹರಳೆಣ್ಣೆ ಸವರಿದ್ದರು. ಅವರಪ್ಪ ಗಾಡಿಗೆ ಕೀಲೆಣ್ಣೆ ಹಾಕಿದರೆ ಊರ ತನಕ ಕೀರಲು ಇರುತ್ತಿರಲಿಲ್ಲವಂತೆ. ಭಾವಮೈದ ತಲೆ ಮೇಲೆ ಕೈ ಹೊತ್ತು ಕೂತ. ಅತ್ತೆ ಬಿಡಲಿಲ್ಲ. "ನೀವಿಬ್ರೂ ಬಾಟ್ಲಿಗಟ್ಲೆ ಸುರೀಬಹುದು, ನಾನು ಒಂದು ಸೌಟು ಹಾಕಿದ್ರೆ ತಪ್ಪಾ?" ನನಗೇನೋ ಅವರ ಮಾತಿನಲ್ಲಿ ನ್ಯಾಯ ಕಂಡಿತು. ಹೇಳಲಿಲ್ಲ.

ಡಿಸ್ಕನ್ನೇನೋ ಬ್ರೇಕ್ ಕ್ಲೀನರ್ ಹಾಕಿ ಒರೆಸಬಹುದು. ಎಣ್ಣೆ ಕುಡಿದ ಪ್ಯಾಡನ್ನು ಎಸೆಯಲೇಬೇಕು. ಹೊಸದರ ಬೆಲೆ ಕೇಳಿ ಅತ್ತೆ, "ಆ ದುಡ್ಡಿಗೆ ಒಂದು ಹಸು ಬರ್ತಿತ್ತು, ಹಾಲಾದ್ರೂ ಕೊಡ್ತಿತ್ತು" ಅಂದರು.

ಹೊಸ ಪ್ಯಾಡ್ ಹಾಕಿದರೆ ಅಷ್ಟಕ್ಕೇ ಮುಗಿಯಲಿಲ್ಲ. ಅದನ್ನು ಡಿಸ್ಕಿಗೆ ಕೂರಿಸಬೇಕು. ಖಾಲಿ ರಸ್ತೆಯಲ್ಲಿ 80ರ ವೇಗಕ್ಕೆ ಹೋಗಿ, ಗಟ್ಟಿಯಾಗಿ ಬ್ರೇಕ್ ಒತ್ತಿ 20ಕ್ಕೆ ಇಳಿಸಬೇಕು. ಮತ್ತೆ 80, ಮತ್ತೆ 20. ಪೂರ್ತಿ ನಿಲ್ಲಿಸಬಾರದು. ಬಿಸಿ ಡಿಸ್ಕನ್ನು ಪ್ಯಾಡ್ ಕಚ್ಚಿಕೊಂಡು ನಿಂತರೆ ಅಲ್ಲೇ ಅಚ್ಚು ಬೀಳುತ್ತದೆ, ಆಮೇಲೆ ಪೆಡಲ್ ಅದುರುತ್ತದೆ. ಕೊನೆಗೆ ಬ್ರೇಕ್ ಮುಟ್ಟದೆ ಒಂದಿಷ್ಟು ದೂರ ಓಡಿಸಿ ತಣ್ಣಗಾಗಿಸಬೇಕು. ಇದಕ್ಕೆ ಅವನು ಆರಿಸಿಕೊಂಡದ್ದು ನಸುಕಿನ ರಿಂಗ್ ರೋಡು. ತಣ್ಣಗಾಗಿಸಲು ಶ್ರೀರಂಗಪಟ್ಟಣದ ರಸ್ತೆ. ಆ ಕಡೆ ಹೋಗುತ್ತಾನೆಂದು ಗೊತ್ತಾದದ್ದೇ ತಡ, ಅತ್ತೆ ಹಣ್ಣುಕಾಯಿ ಬುಟ್ಟಿ ಹಿಡಿದು ಕಾರಿನಲ್ಲಿ ಕೂತರು. ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ ಹೋಗದೆ ಬಹಳ ದಿನವಾಗಿತ್ತಂತೆ. ಎರಡೇ ಸೀಟು, ಹಾಗಾಗಿ ನಾನು ಬಚಾವಾದೆ. ಮುಂದಿನದು ಅವರು ಬಂದು ಹೇಳಿದ್ದು.

ರಿಂಗ್ ರೋಡಿನಲ್ಲಿ ಕಾರು ಹಾರಿತಂತೆ, ಮುಗ್ಗರಿಸಿತಂತೆ, ಮತ್ತೆ ಹಾರಿತಂತೆ. ತೆಂಗಿನಕಾಯಿ ಬುಟ್ಟಿ ಬಿಟ್ಟು ಡ್ಯಾಶ್‌ಬೋರ್ಡಿಗೆ ಹೋಗಿ ಹೊಡೆಯಿತಂತೆ. ಹಾಲಿನ ಕ್ಯಾನ್ ಕಟ್ಟಿಕೊಂಡಿದ್ದ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, "ಸಾರ್, ಕ್ಲಚ್ ಹೋಗಿದೆ, ಮೆಕ್ಯಾನಿಕ್ಕಿಗೆ ತೋರಿಸಿ" ಅಂದನಂತೆ. ಕೊನೆಗೆ ಶ್ರೀರಂಗಪಟ್ಟಣ ಬಂತು. ಗಂಜಾಂ ತಿರುವು ಬಂತು. ಹೋಯಿತು.

"ಲೋ, ತಿರುವು ಹಿಂದೆ ಹೋಯ್ತು ಕಣೋ!"

"ಈಗ ನಿಲ್ಸಂಗಿಲ್ಲಮ್ಮ. ತಣ್ಣಗಾಗ್ಬೇಕು."

"ಯಾರು?"

"ಬ್ರೇಕು."

ಪಾಂಡವಪುರದ ಕಡೆ ಹೋಗಿ ತಿರುಗಿಸಿಕೊಂಡು ಬಂದದ್ದಾಯಿತು. ದರ್ಶನವೂ ಆಯಿತು. ಕಾಯಿ ಕಾರಿನಲ್ಲೇ ಒಡೆದಿದ್ದರಿಂದ ದೇವಿಗೆ ಹಣ್ಣು ಮಾತ್ರ ಸಿಕ್ಕಿತು. ಮನೆಗೆ ಬಂದ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು.

"ಅಳಿಯಂದ್ರೇ, ಬರೋ ವಾರ ಹೆಣ್ಣಿನ ಕಡೆಯವ್ರು ಬರ್ತಿದ್ದಾರೆ. ಆ ಕಾರನ್ನ ಎಲ್ಲಾದ್ರೂ ಬಚ್ಚಿಡಿ. ಅಷ್ಟು ಸಲ ಬ್ರೇಕ್ ಒತ್ತಿದ, ಒಂದು ಸಲಾನೂ ನಿಲ್ಸೋಕ್ಕೆ ಬರ್ಲಿಲ್ಲ. ಇಂಥವನಿಗೆ ಯಾರು ಹೆಣ್ಣು ಕೊಡ್ತಾರೆ?"