ಡೇಟಾ ಸುಳ್ಳು ಹೇಳಲ್ಲ ಸ್ವಾಮಿ

"ಏಪ್ರಿಲ್ 23ರಂದು ಆರ್‌ಸಿಬಿ: 2013ರಲ್ಲಿ 263. 2017ರಲ್ಲಿ 49. 2022ರಲ್ಲಿ 68. ಸರಾಸರಿ 126.67. ಇದರ ಬಗ್ಗೆ ಯಾರೂ ಮಾತಾಡುತ್ತಿಲ್ಲ."

ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಅಂಕಿ-ಅಂಶ ಸುರಿಯುವ ಕ್ರಿಕೆಟ್ ವಿಶ್ಲೇಷಕರನ್ನು ಅಣಕಿಸಿ ನಾನು ಬರೆದ ಪೋಸ್ಟ್ ಇದು. ಆದರೆ ಅಂಕಿ ಒಂದೂ ಸುಳ್ಳಲ್ಲ. ಗೇಲ್ ಒಬ್ಬರೇ 175 ಚಚ್ಚಿದ ದಿನವೂ ಅದೇ, ನಾಲ್ಕು ವರ್ಷದ ನಂತರ ಕೋಲ್ಕತ್ತದಲ್ಲಿ ಇಡೀ ತಂಡ 49ಕ್ಕೆ ಗಂಟುಮೂಟೆ ಕಟ್ಟಿದ ದಿನವೂ ಅದೇ. ಓದಿದವರು ನಗುತ್ತಾರೆ ಅಂದುಕೊಂಡೆ. ಯಾರೂ ನಗಲಿಲ್ಲ. "ಸರ್, ತವರಿನದ್ದು, ಹೊರಗಿನದ್ದು ಬೇರೆ ಬೇರೆ ಮಾಡಿ ಕೊಡ್ತೀರಾ?" ಅಂತ ಕೇಳಿದರು.

2023ರ ಏಪ್ರಿಲ್ 23ಕ್ಕೂ ಪಂದ್ಯ ಇತ್ತು. ಆರ್‌ಸಿಬಿ 189 ಹೊಡೆದು ರಾಜಸ್ಥಾನವನ್ನು ಸೋಲಿಸಿತು. ಅದನ್ನು ಯಾಕೆ ಸೇರಿಸಲಿಲ್ಲ ಅಂತೀರಾ? ಸೇರಿಸಿದರೆ ಕಥೆ ಕೆಡುತ್ತೆ. ಕ್ರಿಕೆಟ್ ವಿಶ್ಲೇಷಕರ ಧಾಟಿಯಲ್ಲಿ ಬರೆಯಬೇಕು ಅನ್ನೋರು ಕಲಿಯಬೇಕಾದ ಮೊದಲ ಪಾಠ ಇದು. ಅಂಕಿಗಳನ್ನು ಹುಡುಕೋದು ಸುಲಭ, ಬಚ್ಚಿಡೋದೇ ಕಲೆ.

"2019ರಿಂದೀಚೆಗೆ" ಅಂತ ಒಂದು ಪೋಸ್ಟ್ ಶುರುವಾದರೆ, 2018ರಲ್ಲಿ ಆ ಹುಡುಗ ಚೆನ್ನಾಗಿ ಆಡಿದ್ದ ಅಂತಲೇ ತಿಳಿಯಿರಿ. "ಕನಿಷ್ಠ 11 ಇನಿಂಗ್ಸ್ ಆಡಿದವರಲ್ಲಿ" ಅಂತಿದ್ದರೆ, ಪಟ್ಟಿ ಕೆಡಿಸುವ ಪುಣ್ಯಾತ್ಮ ಆಡಿರೋದು ಹತ್ತೇ ಇನಿಂಗ್ಸ್. ಇಷ್ಟಾದ ಮೇಲೆ ಶೋಧಿಸುತ್ತಾ ಹೋಗಬೇಕು. ಎಡಗೈ ಸ್ಪಿನ್ ವಿರುದ್ಧ, ಏಳರಿಂದ ಹನ್ನೊಂದನೇ ಓವರ್ ಒಳಗೆ, ಚೇಸ್ ಮಾಡುವಾಗ, ತಂಡ ಎರಡು ವಿಕೆಟ್ ಕಳೆದುಕೊಂಡಿದ್ದಾಗ. ಕೊನೆಗೆ ಜಾಲರಿಯಲ್ಲಿ ಉಳಿಯೋದು ಆರೇ ಆರು ಎಸೆತ. ಅದರಲ್ಲಿ ಒಂದಕ್ಕೆ ಔಟ್. ಸರಾಸರಿ 4. "ಅಪಾಯದ ಗಂಟೆ." ಜೊತೆಗೊಂದು ಕೆಂಪು ಬಾಣದ ಗುರುತು, ಕೆಳಮುಖವಾಗಿ.

ಈ ಭಾಷೆ ಒಮ್ಮೆ ನಾಲಿಗೆಗೆ ಹತ್ತಿತು ಅಂದರೆ ಬಿಡಲ್ಲ. ಬಸ್ಸಿನಲ್ಲಿ ಕೂತು ಬರೆದಿದ್ದು: "ಮೆಜೆಸ್ಟಿಕ್‌ನಿಂದ ಹೊರಟ ಬಸ್ ಪವರ್‌ಪ್ಲೇನಲ್ಲಿ ಅದ್ಭುತ. ಆದರೆ ಮಿಡಲ್ ಓವರ್ಸ್‌ನಲ್ಲಿ, ಅಂದರೆ ಕೆ.ಆರ್. ಮಾರ್ಕೆಟ್ ಹತ್ತಿರ, ಡಾಟ್ ಬಾಲ್‌ಗಳು ಜಾಸ್ತಿ. ಸ್ಟ್ರೈಕ್ ರೊಟೇಟ್ ಮಾಡಲು ಡ್ರೈವರ್ ಪ್ರಯತ್ನವನ್ನೇ ಮಾಡಲಿಲ್ಲ. ಇಂಟೆಂಟ್ ಎಲ್ಲಿ?"

ಮದುವೆ ಮನೆಯಲ್ಲಿ ಬರೆದಿದ್ದು: "ಚಿಕ್ಕಪ್ಪನ ಸ್ಟ್ರೈಕ್ ರೇಟ್ ಒಬ್ಬಟ್ಟಿನ ವಿರುದ್ಧ 210, ಕೋಸಂಬರಿ ವಿರುದ್ಧ 38. ಇಂಥ ಮ್ಯಾಚ್-ಅಪ್ ಕಣ್ಣೆದುರೇ ಇದ್ದರೂ ಅಡುಗೆ ಭಟ್ಟರು ಒಬ್ಬಟ್ಟನ್ನು ಡೆತ್ ಓವರ್‌ಗಳಿಗೆ ಉಳಿಸಿಕೊಂಡರು. ಅಷ್ಟರಲ್ಲಿ ಚಿಕ್ಕಪ್ಪ ಅನ್ನ-ಸಾರಿನಲ್ಲೇ ಸೆಟ್ ಆಗಿದ್ದರು. ತಂತ್ರಗಾರಿಕೆಯ ವೈಫಲ್ಯ." ಚಿಕ್ಕಮ್ಮ ಇದನ್ನು ಓದಿ, 38 ಸುಳ್ಳು, ಅವರು ಕೋಸಂಬರಿ ಮುಟ್ಟಲೇ ಇಲ್ಲ ಅಂದರು. ನೋಡಿ, ನಿಜವಾದ ವಿಶ್ಲೇಷಕಿ.

ಇಂಟೆಂಟ್ ಅಂದೆನಲ್ಲ, ಅಂದರೆ ರನ್ ಬಾರಿಸಬೇಕೆಂಬ ಹಟ, ಅದು ಈ ಧಾಟಿಯ ಬ್ರಹ್ಮಾಸ್ತ್ರ. ಇಂಟೆಂಟ್ ಇತ್ತೋ ಇಲ್ಲವೋ ಅಂತ ಅಳೆಯಲು ಮಾಪಕ ಇಲ್ಲ. ಔಟಾದರೆ "ಕೆಟ್ಟ ಶಾಟ್", ಔಟಾಗದೆ ನಿಂತರೆ "ಇಂಟೆಂಟ್ ಇಲ್ಲ". ಸುಮ್ನೆ ಕಲ್ಪಿಸಿಕೊಳ್ಳಿ, 2004ರಲ್ಲಿ ರಾವಲ್ಪಿಂಡಿಯಲ್ಲಿ ನಮ್ಮ ದ್ರಾವಿಡ್ 270 ಹೊಡೆದಾಗ ಇವರೆಲ್ಲ ಇದ್ದಿದ್ದರೆ? 495 ಎಸೆತ, 740 ನಿಮಿಷ. "ಸ್ಟ್ರೈಕ್ ರೇಟ್ 54. ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಬೇರೆಯವರಿಗೆ ಬ್ಯಾಟ್ ಸಿಗದಂತೆ ಮಾಡಿದ ಆಟಗಾರ. ಸ್ವಾರ್ಥ ಅನ್ನಲ್ಲ. ಅಂಕಿಗಳೇ ಅನ್ನುತ್ತಿವೆ." ಭಾರತ ಆ ಪಂದ್ಯವನ್ನು ಇನಿಂಗ್ಸ್ ಮತ್ತು 131 ರನ್‌ಗಳಿಂದ ಗೆದ್ದು, ಪಾಕಿಸ್ತಾನದ ನೆಲದಲ್ಲಿ ಮೊದಲ ಸಲ ಟೆಸ್ಟ್ ಸರಣಿ ಗೆದ್ದಿದ್ದು ಪೋಸ್ಟ್‌ನ ಎರಡನೇ ಭಾಗದಲ್ಲಿ ಬರುತ್ತೆ. ಎರಡನೇ ಭಾಗವನ್ನು ಯಾರೂ ಓದಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ಚೆಂದ. 1999ರ ಫೆಬ್ರವರಿ, ದೆಹಲಿಯ ಕೋಟ್ಲಾ. ಬಿದ್ದ ಪಾಕಿಸ್ತಾನದ ಒಂಬತ್ತೂ ವಿಕೆಟ್ ಕುಂಬ್ಳೆಯವೇ, ಉಳಿದಿರೋದು ಒಂದೇ. ಇನ್ನೊಂದು ಕಡೆಯಿಂದ ಶ್ರೀನಾಥ್ ಬೌಲಿಂಗ್. ಹತ್ತನೆಯದು ಅಪ್ಪಿತಪ್ಪಿ ತನಗೆ ಸಿಕ್ಕಿಬಿಟ್ಟರೆ ಅಂತ ಅವರು ಬೇಕೆಂದೇ ಆಫ್ ಸ್ಟಂಪ್‌ನಿಂದ ದೂರ ದೂರ ಎಸೆದರು, ವೈಡ್ ಹಾಕಿದರು. ಮುಂದಿನ ಓವರ್‌ನಲ್ಲಿ ಅಕ್ರಮ್ ಔಟ್, ಕುಂಬ್ಳೆಗೆ 74ಕ್ಕೆ 10. ಈಗ ಇದನ್ನು ಬಣ್ಣಬಣ್ಣದ ಚುಕ್ಕಿಗಳ ಪಿಚ್ ಮ್ಯಾಪ್ ಮಾಡಿ ಹಾಕಿ. "ಒತ್ತಡದಲ್ಲಿ ಶ್ರೀನಾಥ್ ಲೈನ್ ಸಂಪೂರ್ಣ ಹಾಳು. ಸ್ಟಂಪ್‌ನತ್ತ ಹೋದ ಎಸೆತ ಸೊನ್ನೆ. ಈ ಮಟ್ಟದಲ್ಲಿ ಇದನ್ನು ಒಪ್ಪಲಾಗದು." ಚುಕ್ಕಿ ಎಲ್ಲಿ ಬಿತ್ತು ಅಂತ ಮ್ಯಾಪಿಗೆ ಗೊತ್ತು. ಗೆಳೆಯನಿಗಾಗಿ ಅಲ್ಲಿ ಬಿತ್ತು ಅಂತ ಗೊತ್ತಿಲ್ಲ.

ತಂಡಗಳ ಒಳಗೆ ಲ್ಯಾಪ್‌ಟಾಪ್ ಹಿಡಿದು ಕೂರುವವರ ಬಗ್ಗೆ ನನಗೆ ತಕರಾರಿಲ್ಲ. ಅವರ ಲೆಕ್ಕ ತಪ್ಪಾದರೆ ತಂಡ ಸೋಲುತ್ತೆ, ಕೆಲಸ ಹೋಗುತ್ತೆ. ಹೊರಗೆ ಕೂತವರದ್ದು ಬೇರೆ ವ್ಯಾಪಾರ. ಲೆಕ್ಕ ತಪ್ಪಾದರೆ ಇವರಿಗೆ ಜಾಸ್ತಿ ವ್ಯೂಸ್ ಬರುತ್ತೆ, ಬೈಯಲು ಬರುವವರೂ ಲೆಕ್ಕಕ್ಕೆ ಸೇರುತ್ತಾರಲ್ವಾ. 2023ರಿಂದ ಎಕ್ಸ್ ಅದಕ್ಕೆ ಕಾಸೂ ಕೊಡುತ್ತಿದೆ.

2024ರ ಜೂನ್ 29ರ ರಾತ್ರಿ ನೆನಪಿದೆಯಾ? ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್. ಅದಕ್ಕೂ ಮುಂಚೆ ಏಳು ಇನಿಂಗ್ಸ್‌ನಲ್ಲಿ ಕೊಹ್ಲಿ ಗಳಿಸಿದ್ದು 75 ರನ್. "ಕೊಹ್ಲಿಯನ್ನು ಓಪನಿಂಗ್ ಕಳಿಸಬಾರದು" ಅಂತ ಗ್ರಾಫ್ ಸಮೇತ ಸಾಬೀತಾಗಿತ್ತು. ಅವತ್ತು ಅರ್ಧಶತಕಕ್ಕೆ 48 ಎಸೆತ ತಗೊಂಡರು. "ಈ ನಿಧಾನಗತಿ ನಮ್ಮನ್ನು ಮುಳುಗಿಸಿತು" ಅಂತ ಪೋಸ್ಟ್ ಬಂತು. 59 ಎಸೆತಕ್ಕೆ 76 ಮಾಡಿ ಔಟಾದರು. ದಕ್ಷಿಣ ಆಫ್ರಿಕಾಗೆ 30 ಎಸೆತಕ್ಕೆ 30 ರನ್ ಬೇಕು ಅಂದಾಗ "ನಾನು ಆಗಲೇ ಹೇಳಿದ್ದೆ" ಬಂತು. ಬುಮ್ರಾ, ಪಾಂಡ್ಯ, ಬೌಂಡರಿ ಗೆರೆಯಲ್ಲಿ ಸೂರ್ಯಕುಮಾರ್ ಹಿಡಿದ ಕ್ಯಾಚು. ಏಳು ರನ್‌ಗಳಿಂದ ಭಾರತ ಗೆದ್ದಿತು. ಅದೇ 76, ಅದೇ 59, ಅದೇ ಸ್ಟ್ರೈಕ್ ರೇಟ್ 128. ಈಗ ಅದರ ಹೆಸರು "ಆಂಕರ್ ಇನಿಂಗ್ಸ್‌ನ ಮಾಸ್ಟರ್‌ಕ್ಲಾಸ್". ಕೆಳಗೆ ಮತ್ತೆ "ನಾನು ಆಗಲೇ ಹೇಳಿದ್ದೆ". ಶಕುನದ ಹಲ್ಲಿ ಕೂಡ ಒಂದು ಕಡೆ ಮಾತ್ರ ಲೊಚಗುಟ್ಟುತ್ತೆ.

ಇಂಥವರ ಮುಂದೆ ಅಣಕು ಬರೆಯುವವನ ಪಾಡು ಕಷ್ಟ. ಅಣಕು ಅಂದರೆ ಸ್ವಲ್ಪ ಅತಿ ಮಾಡಬೇಕು. ಇಲ್ಲಿ ಅತಿ ಮಾಡಲು ಜಾಗವೇ ಬಿಟ್ಟಿಲ್ಲ. ಅಣಕು ಖಾತೆಯವರು ಹೆಸರಿನಲ್ಲೇ ಹಾಗಂತ ಹಾಕಿಕೊಳ್ಳಬೇಕು ಅನ್ನೋದು ಎಕ್ಸ್‌ನ ನಿಯಮ. ಅಸಲಿಗಳು ಅಸಲಿ ಅಂತ ಹಾಕಿಕೊಳ್ಳಬೇಕಿಲ್ಲ. ತಿಂಗಳಿಗೆ ದುಡ್ಡು ಕಟ್ಟಿದರೆ ನೀಲಿ ಟಿಕ್ ಬರುತ್ತೆ, ಅಷ್ಟು ಸಾಕು.

ಆದರೂ ಸೋಲೊಪ್ಪಬಾರದು ಅಂತ ಒಂದು ದೊಡ್ಡ ಸಂಶೋಧನೆಗೆ ಕೈಹಾಕಿದೆ. 2025ರವರೆಗಿನ ಆರ್‌ಸಿಬಿ ಐಪಿಎಲ್ ಫೈನಲ್‌ಗಳು. 2009: ಭಾನುವಾರ, 6 ರನ್ ಸೋಲು. 2011: ಶನಿವಾರ, 58 ರನ್ ಸೋಲು. 2016: ಭಾನುವಾರ, 8 ರನ್ ಸೋಲು. 2025ರ ಫೈನಲ್ ಕೂಡ ಮೇ 25ರ ಭಾನುವಾರಕ್ಕೇ ನಿಗದಿಯಾಗಿತ್ತು. ಮಧ್ಯೆ ಟೂರ್ನಿ ನಿಂತು, ಅದು ಜೂನ್ 3ಕ್ಕೆ ಹೋಯಿತು. ಮಂಗಳವಾರ. ಗೆಲುವು. ಎಷ್ಟು ರನ್? ಸರಿಯಾಗಿ 6. ಹದಿನೆಂಟನೇ ಸೀಸನ್, ಕೊಹ್ಲಿ ಜೆರ್ಸಿ 18, ಜೊತೆಗೆ ಆ ದಿನಾಂಕದ 3, 6, 2, 0, 2, 5 ಕೂಡಿ ನೋಡಿ. ಎಲ್ಲವೂ ನಿಜ, ಒಂದಕ್ಕೂ ಅರ್ಥ ಇಲ್ಲ.

ಇದನ್ನೆಲ್ಲ ಸೇರಿಸಿ, "ವಾರಾಂತ್ಯದ ಫೈನಲ್‌ಗಳಲ್ಲಿ ಆರ್‌ಸಿಬಿ ಗೆಲುವಿನ ಪ್ರಮಾಣ 0%, ಮಂಗಳವಾರ 100%. ಬಿಸಿಸಿಐ ಗಮನಿಸಲಿ" ಅಂತ ಹಾಕಿದೆ. ಈ ಸಲವಾದರೂ ಯಾರಾದರೂ ನಗಲಿ ಅಂತ ಕೊನೆಗೆ ಒಂದು ನಗುವ ಮುಖವನ್ನೂ ಅಂಟಿಸಿದೆ.

ಮೊದಲು ಬಂದ ಉತ್ತರ: "ಒಳ್ಳೆ ಕೆಲಸ ಸರ್. ಬುಧವಾರದ್ದೂ ಇದ್ದರೆ ಹಾಕಿ."