ಯಹೂದಿ ಮಕ್ಕಳ ಪಾಲನೆಯಲ್ಲಿ ಮನೆಗೇ ಮೊದಲ ಸ್ಥಾನವೇ?

ಪರ: ತಲೆಯ ಮೇಲಿಟ್ಟ ಕೈ

ವೃದ್ಧರ ಆರೈಕೆಯ ಕೆಲಸಕ್ಕೆಂದು ಮಂಗಳೂರಿನಿಂದ ಇಸ್ರೇಲಿಗೆ ಬಂದು ನನಗೆ ಆರು ವರ್ಷಗಳಾದವು. ನಾನು ನೋಡಿಕೊಳ್ಳುವ ಅಜ್ಜಿಯನ್ನು ಮನೆಯವರೆಲ್ಲ ‘ಸಾವ್ತಾ’ (ಹೀಬ್ರೂವಿನಲ್ಲಿ ಅಜ್ಜಿ) ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅವರ ಮಗ, ಸೊಸೆ ಮತ್ತು ಮೂವರು ಮೊಮ್ಮಕ್ಕಳು ಪ್ರತಿ ಶುಕ್ರವಾರ ಹೊತ್ತು ಮುಳುಗುವ ಮುನ್ನ, ಎಷ್ಟೇ ಕೆಲಸವಿದ್ದರೂ, ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ವಿಶ್ರಾಂತಿ ದಿನವಾದ ಶಬ್ಬಾತ್‌ನ ಆಚರಣೆಗೆಂದು ಇಲ್ಲಿಗೆ ಬರುತ್ತಾರೆ. ಸೊಸೆ ಎರಡು ಮೇಣದ ಬತ್ತಿಗಳನ್ನು ಹಚ್ಚಿ, ಅಂಗೈಗಳಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥಿಸುತ್ತಾರೆ. ಬಳಿಕ ತಂದೆಯು ಒಬ್ಬೊಬ್ಬ ಮಗುವಿನ ತಲೆಯ ಮೇಲೂ ಕೈಯಿಟ್ಟು, ಗಂಡುಮಕ್ಕಳು ಪೂರ್ವಜರಾದ ಎಫ್ರಾಯೀಮ್ ಮನಸ್ಸೆಯರಂತೆಯೂ ಮಗಳು ಕುಲಮಾತೆಯರಾದ ಸಾರ, ರೆಬೆಕ್ಕ, ರಾಹೇಲ, ಲೇಯರಂತೆಯೂ ಆಗಲೆಂದು ಹರಸುತ್ತಾರೆ.

ಒಂದು ಶುಕ್ರವಾರ ಆ ತಂದೆ ಕೆಲಸದ ಮೇಲೆ ಪರದೇಶಕ್ಕೆ ಹೋಗಿದ್ದರು. ಬತ್ತಿ ಹಚ್ಚಿಯಾಗಿತ್ತು, ಹಲ್ಲಾ ರೊಟ್ಟಿಗಳ ಮೇಲೆ ಬಟ್ಟೆ ಹೊದಿಸಿಯಾಗಿತ್ತು. ಕಿರಿಯ ಹುಡುಗ ಮಾತ್ರ ಊಟಕ್ಕೆ ಕೂರದೆ ಸಾವ್ತಾರ ಮುಂದೆ ತಲೆ ಬಗ್ಗಿಸಿ ನಿಂತಿದ್ದ. ಸಾವ್ತಾರ ಕೈ ಎಷ್ಟು ನಡುಗುತ್ತದೆಂದರೆ ಚಮಚದಲ್ಲಿ ಸಾರು ನಿಲ್ಲುವುದಿಲ್ಲ. ಅವರು ನನ್ನತ್ತ ನೋಡಿದರು; ನಾನು ಅವರ ಮಣಿಕಟ್ಟನ್ನು ಹಿಡಿದು ಅಂಗೈಯನ್ನು ಹುಡುಗನ ತಲೆಯ ಮೇಲೆ ಇರಿಸಿದೆ. ಕೈ ನಡುಗುತ್ತಲೇ ಇತ್ತು, ಆದರೆ ಆಶೀರ್ವಾದದ ಒಂದಕ್ಷರವೂ ತಪ್ಪಲಿಲ್ಲ. ಇದನ್ನು ಯಾವ ಶಾಲೆ ಕಲಿಸೀತು?

ದೇವರ ಆಜ್ಞೆಗಳನ್ನು ಮಕ್ಕಳಿಗೆ ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ಹೇಳಿಕೊಡಬೇಕೆಂದು ಯಹೂದಿಗಳ ಧರ್ಮಗ್ರಂಥವೇ ವಿಧಿಸಿದೆ; ಮೊದಲು ಹೆಸರಿಸಿರುವುದು ಮನೆಯನ್ನು. ಮನೆಯನ್ನು ಹಿಂದಕ್ಕೆ ಸರಿಸಿದ ಪ್ರಯೋಗವೂ ಈ ನೆಲದಲ್ಲಿ ನಡೆದಿತ್ತು. ಎಲ್ಲರೂ ಒಟ್ಟಾಗಿ ದುಡಿದು ಹಂಚಿಕೊಂಡು ಬಾಳುತ್ತಿದ್ದ ಹಳ್ಳಿಗಳಾದ ಅನೇಕ ಕಿಬ್ಬುತ್ಸ್‌ಗಳಲ್ಲಿ ಮಕ್ಕಳು ತಂದೆತಾಯಿಯರಿಂದ ದೂರ, ಮಕ್ಕಳ ಮನೆಗಳಲ್ಲಿ ಮಲಗುತ್ತಿದ್ದರು, ಹೆತ್ತವರೊಡನೆ ಸಂಜೆಯ ಕೆಲವು ಗಂಟೆಗಳನ್ನಷ್ಟೇ ಕಳೆಯುತ್ತಿದ್ದರು. 1990ರ ದಶಕ ಮುಗಿಯುವ ಹೊತ್ತಿಗೆ ಆ ಪದ್ಧತಿ ನಿಂತುಹೋಗಿ ಮಕ್ಕಳು ಮನೆಗೆ ಮರಳಿದ್ದರು. ನನ್ನ ಮಗಳು ಊರಿನಲ್ಲಿ ಅಮ್ಮನ ಬಳಿ ಬೆಳೆಯುತ್ತಿದ್ದಾಳೆ, ಒಳ್ಳೆಯ ಶಾಲೆಗೇ ಹೋಗುತ್ತಾಳೆ. ರಾತ್ರಿ ಫೋನಿನಲ್ಲಿ ಅವಳು “ಊಟವಾಯಿತಾ ಅಮ್ಮಾ” ಎಂದಾಗ ಶಾಲೆ ಏನನ್ನು ಕೊಡಲಾರದೆಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ವಿರೋಧ: ಮನೆಯೊಂದೇ ಸಾಲದು

ಈ ಪಕ್ಷವನ್ನು ವಹಿಸಬೇಕೆಂದು ನನ್ನನ್ನು ಕೇಳಲಾಗಿದೆ. ಇತಿಹಾಸದ ಅಧ್ಯಾಪಕನಾಗಿದ್ದವನಿಗೆ ಅದು ಕಷ್ಟವಲ್ಲವಾದರೂ, ಮನೆ ಮುಖ್ಯವಲ್ಲವೆಂದು ನಾನು ಹೇಳಲಾರೆ. ಮಕ್ಕಳನ್ನು ರಾತ್ರಿ ಬೇರೆಡೆ ಮಲಗಿಸಬೇಕೆಂದು ಇಂದು ಯಾರೂ ಕೇಳುತ್ತಿಲ್ಲವಾದ್ದರಿಂದ ಕಿಬ್ಬುತ್ಸ್‌ನ ವಿಚಾರವನ್ನು ಬದಿಗಿಡುತ್ತೇನೆ.

ನಮ್ಮ ನೆರೆಯ ಕೊಂಕಣವನ್ನೇ ನೋಡೋಣ. ಅಲ್ಲಿನ ಬೆನೆ ಇಸ್ರೇಲ್ ಯಹೂದಿಗಳು ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ (ಶನಿವಾರದ ಗಾಣಿಗರು) ಎನಿಸಿಕೊಂಡರು. ಗುರುವಿಲ್ಲದೆ, ಪ್ರಾರ್ಥನಾ ಮಂದಿರವಿಲ್ಲದೆ ಇಷ್ಟನ್ನು ಉಳಿಸಿದ್ದು ಮನೆಗಳೇ, ಒಪ್ಪುತ್ತೇನೆ. ಆದರೆ ಹೀಬ್ರೂ ಭಾಷೆ, ಪ್ರಾರ್ಥನೆಗಳ ಬಹುಭಾಗ ಮರೆತೇಹೋಗಿತ್ತು. ಅವನ್ನು ಮತ್ತೆ ಕಲಿಸಲು ಕೊಚ್ಚಿಯಿಂದ ಗುರುಗಳು ಬರಬೇಕಾಯಿತು. ಮುಂಬೈಯಲ್ಲಿ ಅವರ ಮೊದಲ ಪ್ರಾರ್ಥನಾ ಮಂದಿರ (ಸಿನಗಾಗ್) ಎದ್ದದ್ದು 1796ರಲ್ಲಿ.

ಮನೆಯ ಹೊಣೆಯೆಂದರೆ ಬಹುತೇಕ ತಾಯಿಯ ಹೊಣೆ ಎಂಬುದನ್ನೂ ಮರೆಯಬಾರದು. ಶುಕ್ರವಾರದ ಮೇಜು ತಾನಾಗಿ ಸಿದ್ಧವಾಗುವುದಿಲ್ಲ.

ಎಲ್ಲಕ್ಕಿಂತ ಹಳೆಯ ಉತ್ತರ ಯಹೂದಿ ಗುರುಗಳ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿದೆ. ಹಿಂದೆ ತಂದೆಯಿದ್ದ ಮಗುವಿಗೆ ತಂದೆ ಕಲಿಸುತ್ತಿದ್ದ. ತಂದೆಯಿಲ್ಲದ ಮಗು ಕಲಿಯುತ್ತಲೇ ಇರಲಿಲ್ಲ. ಅದಕ್ಕಾಗಿಯೇ ಮಹಾಯಾಜಕ ಯೆಹೋಶುವ ಬೆನ್ ಗಮ್ಲಾ ಊರೂರಿಗೂ ಶಿಕ್ಷಕರನ್ನು ನೇಮಿಸಿ, ಆರೇಳು ವರ್ಷದ ಮಕ್ಕಳನ್ನು ಅವರ ಬಳಿಗೆ ಸೇರಿಸುವ ಏರ್ಪಾಡು ಮಾಡಿದ. ಅದೇ ಪುಟದಲ್ಲಿ ಲೆಕ್ಕವೂ ಇದೆ: 25 ಮಕ್ಕಳಿಗೆ ಒಬ್ಬ ಶಿಕ್ಷಕ, 40 ಆದರೆ ಅವನಿಗೊಬ್ಬ ಸಹಾಯಕ, 50 ಆದರೆ ಇಬ್ಬರು ಶಿಕ್ಷಕರು. ಆ 25ರಲ್ಲಿ ಯಾವ ಮಗುವಿಗೆ ತಂದೆಯಿದ್ದಾನೆ, ಯಾವುದಕ್ಕಿಲ್ಲ ಎಂದು ಶಿಕ್ಷಕ ಕೇಳಬೇಕಾಗಿರಲಿಲ್ಲ.